ಒಂದು ಸ್ಟಾರಿನ ಪ್ರತಿಭಟನೆ

ಗುರುವಾರ ನಾಡಿನ ಚರಿತ್ರೆಯಲ್ಲಿ ದಾಖಲಾಗಬೇಕಾದ ದಿನ. ‘ಮಿಂಚುಮಲ್ಲ’ ವಿಡಿಯೊ ಆಟದ ಎರಡನೇ ಭಾಗದಲ್ಲಿ ನಾಯಕನ ಕೆಂಪು ಮೇಲಂಗಿ ಕಂದು ಬಣ್ಣಕ್ಕೆ ತಿರುಗಿದೆಯೆಂದು ಮೊದಲ ವಿಮರ್ಶೆಗಳು ಸಾರಿದವು.

ಹುಬ್ಬಳ್ಳಿಯ ಗೇಮ್ ಸೆಂಟರಿನಲ್ಲಿ ಶಂಭುಲಿಂಗ ಕಿಡಿಕಿಡಿಯಾದ. ಈ ಆಟಕ್ಕಾಗಿ ಅವನು ಆರು ವರ್ಷ ಕಾದಿದ್ದ. ಮೊದಲ ಭಾಗ ಕೊಟ್ಟಷ್ಟು ಸಂತೋಷ ಅವನಿಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ.

“ಒಂದ ಸ್ಟಾರ್ ಒತ್ತಲೇ, ಬುದ್ಧಿ ಬರ್ಲಿ ಅವ್ರಿಗೆ,” ಎಂದ ಗೆಳೆಯ ದಸ್ತಗೀರ.

ಶಂಭುಲಿಂಗ ಅಳುಕಿದ. ತಲೆಪಟ್ಟಿ ಕಟ್ಟದೆ ಯಾವ ಆಟವೂ ತೆರೆಯದು. ಆ ಪಟ್ಟಿಯೋ, ಬಿಡುಗಡೆಗೆ ಮುನ್ನ ಜನ ಆಟಕ್ಕೆ ಒತ್ತಿದ ಸ್ಟಾರುಗಳ ಸರಾಸರಿ ನೋಡಿ ಅಷ್ಟೇ ಸಂತೋಷವನ್ನು ತಲೆಯೊಳಗೆ ಬಿಡುತ್ತದೆ.

“ನಾಳೆ ಆಡಾವ್ರು ನಾವ ಅಲ್ಲೇನೋ?”

“ನಾವಿಬ್ರು ಒತ್ತಿದ್ರ ಎಷ್ಟ ಇಳದೀತು? ಉಳದ ಮಂದಿ ಐದ ಒತ್ತತಾರ ಬಿಡೋ.”

ಶಂಭುಲಿಂಗ ಒತ್ತಿದ. ಉಳಿದ ಹತ್ತು ಲಕ್ಷ ಮಂದಿಯೂ ಹೀಗೆಯೇ ಲೆಕ್ಕ ಹಾಕಿ ಒಂದನ್ನೇ ಒತ್ತಿದ್ದರು.

ಶುಕ್ರವಾರ ಆಟ ಬಿಡುಗಡೆಯಾದೊಡನೆ ಅವನು ಪಟ್ಟಿ ಕಟ್ಟಿಕೊಂಡು ಕೂತ. ಮಿಂಚುಮಲ್ಲ ಕುಸಿಯುವ ಸೇತುವೆಯನ್ನು ಬೆನ್ನಿನ ಮೇಲೆ ಹೊತ್ತು ರೈಲು ದಾಟಿಸಿದ. ಆರು ವರ್ಷ ಕನಸು ಕಂಡಿದ್ದು ಇದನ್ನೇ.

“ಹೆಂಗೈತಲೇ?” ಎಂದ ದಸ್ತಗೀರ.

“ಭಾರೀ ಐತಿ ಅಂತ ಗೊತ್ತಾಗತೈತಿ. ಅನಸವಲ್ದು.”

ಸಂಜೆಯವರೆಗೂ ಆಡಿದ. ಒಟ್ಟು ಒಂದೇ ಒಂದು ಸ್ಟಾರಿನಷ್ಟು ಸಂತೋಷವಾಯಿತು.