ಚಿತ್ರದ ಬೆನ್ನಿನ ಕಡೆ

ಹೊಸ ಕ್ಯಾಲೆಂಡರಿನ ಸುರುಳಿ ಬಿಚ್ಚಿದಾಗ ಬಣ್ಣದ ವಾಸನೆ ಮೂಗಿಗೆ ಬಡಿದರೆ, ಈಗಲೂ ನನ್ನ ತೋಳು ನೋಯುತ್ತದೆ.

ಮೈಸೂರಿನ ನಮ್ಮ ಚರ್ಚಿನ ಜಗಲಿಯಲ್ಲಿ ಭಾನುವಾರದ ಪಾಠ ನಡೆಯುತ್ತಿತ್ತು. ಸುಣ್ಣ ಹೊಡೆಸಿದ ಗೋಡೆಗೆ ಮೊಳೆ ಹೊಡೆಯಬಾರದೆಂದು ಫಾದರ್ ಹೇಳಿದ್ದರು. ಹಾಗಾಗಿ ಹುಡುಗಿಯರಲ್ಲಿ ಎತ್ತರದವಳಾದ ನಾನು ಬೆಂಚಿನ ಮೇಲೆ ನಿಂತು, ಬೈಬಲ್ ಕತೆಯ ದೊಡ್ಡ ಚಿತ್ರವನ್ನು ಎತ್ತಿ ಹಿಡಿಯಬೇಕಿತ್ತು. ನನಗೆ ಕಾಣುತ್ತಿದ್ದದ್ದು ಅದರ ಬೆನ್ನಿಗೆ ಅಂಟಿಸಿದ ಒರಟು ಬಟ್ಟೆ ಮಾತ್ರ.

ಒಂದೇ ಚಿತ್ರ ತಿಂಗಳಿಡೀ ನಡೆಯುತ್ತಿತ್ತು. “ಬಿರುಗಾಳೀಲಿ ದೋಣಿ ಮುಳುಗ್ತಾ ಅದೆ, ಯೇಸುಸ್ವಾಮಿ ಎಂಗೆ ಮಲಗವ್ರೆ ನೋಡ್ರೋ!” ಎಂದು ರೋಸಮ್ಮ ಟೀಚರ್ ಹೇಳಿದರೆ ಮಕ್ಕಳೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರು. ಹೇಗೆ ಮಲಗಿದ್ದರು? ಪಾಠ ಮುಗಿದ ಕೂಡಲೇ ಟೀಚರ್ ಚಿತ್ರ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ತಮ್ಮನನ್ನು ಕೇಳಿದರೆ, “ಗೊರಕೆ ಹೊಡೀತಾವ್ರೆ ಕಣಕ್ಕ” ಅಂದ.

ಚೌಕಾಸಿ ಮಾಡುವುದಾದರೆ ಎದುರಿನವರಿಗೆ ನಿಮ್ಮ ಕೈ ಬೇಕಾದ ಹೊತ್ತಿನಲ್ಲೇ ಮಾಡಿ. ಮುಂದಿನ ಭಾನುವಾರ ಮಕ್ಕಳೆಲ್ಲ ಕೂತ ಮೇಲೂ ನಾನು ಬೆಂಚು ಹತ್ತಲಿಲ್ಲ.

“ಇವತ್ತು ನೀವು ಹಿಡ್ಕೊಳ್ಳಿ ಟೀಚರ್. ಕತೆ ನಾನು ಹೇಳ್ತೀನಿ, ನಂಗೆ ಬಾಯಿಪಾಠ ಆಗ್ಬುಟ್ಟದೆ.”

“ಸಂತೇಲಿ ಹುಟ್ಟಬೇಕಿತ್ತು ಕಣೇ ನೀನು!” ಎನ್ನುತ್ತ ಟೀಚರ್ ಸೀರೆ ಎತ್ತಿ ಸಿಕ್ಕಿಸಿ ಬೆಂಚು ಹತ್ತಿದರು.

ಸ್ವಾಮಿ ದಿಂಬಿಗೆ ಕೆನ್ನೆಯಿಟ್ಟು, ಥೇಟ್ ನನ್ನ ತಮ್ಮನ ಹಾಗೆ ಮಂಡಿ ಮಡಿಸಿ ಮಲಗಿದ್ದರು. ದೋಣಿಯೊಳಗೆ ನೀರು ನುಗ್ಗುತ್ತಿತ್ತು. ನೋಡುತ್ತ ನೋಡುತ್ತ ನಾನು ಕತೆ ಹೇಳುವುದನ್ನೇ ನಿಲ್ಲಿಸಿಬಿಟ್ಟೆ.

ಚಿತ್ರದ ಕೆಳಗೆ ಕಾಣುತ್ತಿದ್ದ ಟೀಚರ್ ಪಾದಗಳು ಮೆಲ್ಲಗೆ ತುದಿಗಾಲಿಗೆ ಬಂದವು. ಬಟ್ಟೆಯ ಹಿಂದಿನಿಂದ ದನಿ ಕೇಳಿಸಿತು: “ಆಮೇಲೇನಾಯ್ತು, ಹೇಳೇ.”