ಮರಳು ಹೊಕ್ಕ ಸೋಡಾ ಫ್ಯಾಕ್ಟರಿ

ಶಬ್ನಾ ಚಿತ್ರದ ಮೇಲಿನ ಬಟ್ಟೆ ಎಳೆದದ್ದೇ ತಡ, ಅವಳ ಬಾಪ ಅಹ್ಮದ್ ಬಾವಾ ಕೂತಲ್ಲಿಂದ ಎದ್ದೇಬಿಟ್ಟ. ಅವನ ತಂದೆಯ ಗೋಲಿ ಸೋಡಾ ಫ್ಯಾಕ್ಟರಿ! ಊರಿನ ಗುಡ್ಡದ ಬುಡದಲ್ಲಿ ಎಷ್ಟೋ ವರ್ಷದಿಂದ ಪಾಳುಬಿದ್ದ ಹೆಂಚಿನ ಕಟ್ಟಡ ಈಗ ಚಿತ್ರವಾಗಿ ಕುವೈತಿನ ಸಲ್ವಾದಲ್ಲಿ ಅವರ ಫ್ಲಾಟಿನ ಗೋಡೆಗೆ ಒರಗಿ ನಿಂತಿತ್ತು. ಕುವೈತಿನಲ್ಲೇ ಹುಟ್ಟಿದ ಶಬ್ನಾ ಅದನ್ನು ಕಣ್ಣಾರೆ ಕಂಡವಳಲ್ಲ. ರಜೆಗೆ ಊರಿಗೆ ಹೋದಾಗಲೂ ಅಲ್ಲಿ ಹಾವುಂಟೆಂದು ಉಮ್ಮ ಆ ಕಡೆ ಬಿಟ್ಟವಳಲ್ಲ. ಊಟಕ್ಕೆ ಕೂತಾಗಲೆಲ್ಲ ಬಾಪ ಕೊರೆದದ್ದನ್ನು ಕೇಳಿಯೇ ಬಿಡಿಸಿದ್ದಳು.

ಬಾವಾನ ಕೈಕಾಲು ನಿಲ್ಲಲಿಲ್ಲ. ಮುರಿದ ಬಾಗಿಲು, ಕಿಟಕಿಯಲ್ಲಿ ಉಳಿದ ಒಂದೇ ಬಾಟಲಿ, ಎಲ್ಲಕ್ಕೂ ಬೆರಳಿಟ್ಟು ಹೆಂಡತಿ ಸಫೂರಾಳಿಗೆ ತೋರಿಸಿದ. ಇಲ್ಲಿನ ತನ್ನ ಅಂಗಡಿ ಖಲಾಸ್ ಮಾಡಿ ಊರಿಗೆ ಹೋಗಿ ಅದನ್ನೇ ಮತ್ತೆ ತೆರೆಯಬೇಕೆಂಬುದು ಅವನ ಹುಚ್ಚು. ಈಗ ಮದುವೆ ಮನೆಗಳಲ್ಲೆಲ್ಲ ಗೋಲಿ ಸೋಡಾ ಕೇಳುತ್ತಾರಂತೆ. ಆದರೆ ಸಫೂರಾ ಇದುವರೆಗೆ ಹೂಂ ಅಂದಿರಲಿಲ್ಲ. ಅವಳು ಹೂಂ ಅನ್ನದೆ ಈ ಮನುಷ್ಯ ಹೊಸ ಚಪ್ಪಲಿಯನ್ನೂ ಕೊಳ್ಳುವವನಲ್ಲ.

ಆಗಲೇ ಬಾವಾ ಚಿತ್ರದ ಕೆಳಭಾಗ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಗಿಲ ಅರ್ಧದವರೆಗೆ ಮರಳು ಏರಿತ್ತು.

"ಮಗಳೇ, ನಮ್ಮೂರಲ್ಲಿ ಪಾಳುಬಿದ್ದರೆ ಬಳ್ಳಿ ಹತ್ತುತ್ತದೆ, ಹುತ್ತ ಏಳುತ್ತದೆ. ಮರಳು ಎಲ್ಲಿಂದ ಬಂತು?"

ಶಬ್ನಾಳ ಮುಖ ಸಣ್ಣದಾಯಿತು. "ಇಲ್ಲಿ ಯಾರೂ ಇಲ್ಲದ ಬಿಲ್ಡಿಂಗ್ ಎಲ್ಲ ಹೀಗೇ ಇರೋದು ಬಾಪಾ. ಮೀನಾ ಅಬ್ದುಲ್ಲಾ ರೋಡಲ್ಲಿ ನೀವೇ ತೋರಿಸಿದ್ದು."

ಅದಕ್ಕೇನಂತೆ, ಈಗಲೇ ಸರಿ ಮಾಡುವ ಎಂದು ಬಾವಾ ತಾನೇ ಬ್ರಷ್ಷಿಗೆ ಹಸಿರು ಬಣ್ಣ ಹಚ್ಚಿಕೊಂಡ. ಇನ್ನೇನು ಮರಳಿನ ಮೇಲೆ ಎಳೆಯಬೇಕು, ಸಫೂರಾ ಅವನ ಕೈ ಹಿಡಿದಳು. ಆ ಕಟ್ಟಡ ನೆನೆದಾಗಲೆಲ್ಲ ಅವಳ ಕಣ್ಣಿಗೆ ಬರುತ್ತಿದ್ದದ್ದು ಕಾಡು, ಹುತ್ತ, ಹಾವು. ಹಾಗಾಗಿಯೇ ಇಷ್ಟು ದಿನ ಹೆದರಿದ್ದಳು. ಈಗ ಚಿತ್ರದ ಹತ್ತಿರ ಬಾಗಿ, ಧೂಳುಗಾಳಿ ನಿಂತ ಮೇಲೆ ತನ್ನ ಬಾಲ್ಕನಿ ನೋಡುವಂತೆ ನೋಡಿದಳು.

"ಇಷ್ಟೇಯಾ? ಮದುವೆಯಾಗಿ ಬಂದಾಗಿನಿಂದ ನಾನಿಲ್ಲಿ ಹಿಡಿಸೂಡಿ ಹಿಡಿದು ಗುಡಿಸಿದ್ದು ಇದನ್ನೇ ಅಲ್ವಾ."

ಬಾವಾ ಮೋಸ ಮಾಡಲು ಬಾರದವನು. ಅವಳ ಹೂಂ ಕೈತಪ್ಪಿದರೂ ಸರಿ ಎಂದು ನಿಜವನ್ನೇ ಹೇಳಿದ.

"ಅಲ್ಲಿ ಮರಳಿಲ್ಲ ಸಫೂರಾ. ಬಳ್ಳಿಯೇ ಇರುವುದು."

"ಗೊತ್ತುಂಟು. ಬಳ್ಳಿ ನೀವು ಕೀಳಿ. ಹಿಡಿಸೂಡಿ ನನಗೆ ಕೊಡಿ."