ಅಳ್ನಾವರದ ಹುಣಸೆಮರ

ಬಿಸಿಲು ತಾಳಲಾರದೆ ರೈಲುಗಳೆಲ್ಲ ಸುರಂಗಕ್ಕಿಳಿದಿದ್ದವು. ಗಾಜಿನ ಬದಲು ಪರದೆಯಿದ್ದ ಅವುಗಳ ಕಿಟಕಿಯಲ್ಲಿ ಕಾಣುವ ಊರು, ಕಾಡುಗಳನ್ನೆಲ್ಲ ನೀಲಗಂಗಾ ಹುಬ್ಬಳ್ಳಿಯ ಕಾರ್ಖಾನೆಯ ಮೇಜಿನ ಮೇಲೆ ಪುಟ್ಟದಾಗಿ ಮಾಡುತ್ತಿದ್ದಳು. ಕ್ಯಾಮೆರಾ ಅವುಗಳ ಚಿತ್ರವನ್ನು ಕಿಟಕಿಗಳಿಗೆ ಕಳಿಸುತ್ತಿತ್ತು.

ಒಂದು ದಿನ ನಿವೃತ್ತ ಗೇಟ್‌ಮನ್ ಚನ್ನವೀರಪ್ಪ ಬಂದ. “ತಂಗಿ, ಅಳ್ನಾವರ ಗೇಟಿನ ಹತ್ರ ಹುಣಸಿಮರ ಇತ್ತು. ಅದರ ಕೆಳಗ ನನ್ನಾಕಿ ಶೇಂಗಾ ಮಾರ್ತಿದ್ಲು. ಕಿಟಕ್ಯಾಗ ಅದು ಕಾಣವಲ್ದು.”

“ನಕ್ಷೆದಾಗ ಇಲ್ಲದ್ದು ಮಾಡಿದ್ರ ಸಾಹೇಬ್ರು ಕೆಲಸದಿಂದ ತೆಗೀತಾರ, ಯಪ್ಪಾ,” ಎಂದಳು. ಆದರೂ ಅವನು ಹೋದ ಮೇಲೆ ತಾಮ್ರದ ತಂತಿ ಹೆಣೆದು, ಹಸಿರು ಬಳಿದ ಮರದ ಹೊಟ್ಟು ಅಂಟಿಸಿ ಹುಣಸೆಮರ ನಿಲ್ಲಿಸಿದಳು.

ಮರುದಿನ ಅವನ ಜೊತೆ ತಾನೂ ರೈಲು ಹತ್ತಿದಳು. ಮರ ಕಂಡೊಡನೆ ಚನ್ನವೀರಪ್ಪ ಎದ್ದು, “ಇಲ್ಲೇ ಕುಂದರ್ತಿದ್ಲು!” ಎಂದು ಬೋಗಿಗೆಲ್ಲ ಕೇಳುವಂತೆ ಹೇಳಿದ.

ಸೋಮವಾರ ಕಾರ್ಖಾನೆಯ ಬಾಗಿಲಲ್ಲಿ ಸಾಹೇಬರೇ ನಿಂತಿದ್ದರು. ಕೆಲಸ ಹೋಯಿತೆಂದುಕೊಂಡ ನೀಲಗಂಗಾ ಗುರುತಿನ ಚೀಟಿ ತೆಗೆದು ಮುಂದೆ ಹಿಡಿದಳು. ಸಾಹೇಬರು ದನಿ ತಗ್ಗಿಸಿ, “ಲೋಂಡಾದಾಗ ನಮ್ಮ ಮನಿ ಮುಂದ ಒಂದು ನೇರಳಿಮರ ಇತ್ತು ನೋಡವ್ವಾ,” ಎಂದರು.